ಕೃಪೆ: ಹದಿನೇಳನೇ ಕ್ಯಾಸೆಟ್

‘ಕೃಪೆ’ ಎಂದು ಬರೆಯುವುದನ್ನು ನಾನು ಕಲಿತದ್ದು ಹೊಸಪೇಟೆಯ ಕಾಲೇಜಿನಲ್ಲಿ. ಅಲ್ಲಿ ನೋಟಿಸ್ ಬೋರ್ಡಿನ ಪಕ್ಕ ಗಾಜಿನ ಪೆಟ್ಟಿಗೆಯೊಳಗೆ ಭಿತ್ತಿಪತ್ರಿಕೆ ಹಾಕುತ್ತಿದ್ದರು. ಪೇಪರಿನಲ್ಲಿ ಬಂದಿದ್ದ ಒಂದು ಪದ್ಯವನ್ನು ಮುದ್ದಾದ ಅಕ್ಷರದಲ್ಲಿ ಬರೆದು ಒಯ್ದಿದ್ದೆ. ಕನ್ನಡದ ಮೇಷ್ಟ್ರು ತಿರುಗಿಸಿ ನೋಡಿ, "ಕೆಳಗ ಕೃಪೆ ಎಲ್ಲೈತವ್ವ? ಎಲ್ಲಿಂದ ತಂದಿ ಅನ್ನೋದು ಬರಿ. ಕೃಪೆ ಅಂತ ಹಾಕಿದ್ರ ಆಮ್ಯಾಲೆ ಯಾರೂ ಏನೂ ಅನ್ನಂಗಿಲ್ಲ" ಅಂದರು. ಅವರು ಹೇಳಿದ್ದು ಮರ್ಯಾದೆಯ ಮಾತು. ನಾನು ಅದನ್ನು ಕಾನೂನು ಎಂದು ತಿಳಿದುಕೊಂಡೆ. ಲಗ್ನಪತ್ರಿಕೆಯ ತಲೆಯ ಮೇಲೆ ದೇವರ ಕೃಪೆ ಇರುವ ಹಾಗೆ, ಬೇರೆಯವರದನ್ನು ತಂದರೆ ಬುಡದಲ್ಲಿ ಅವರ ಕೃಪೆ ಇರಬೇಕು, ಇದ್ದರೆ ಸಾಕು ಅಂತ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಲಾರಿಗೆ ಅದಿರು ತುಂಬುತ್ತಿದ್ದ, ಅಮ್ಮ ಸಂಡೂರಿನ ಗುಡ್ಡದ ಬುಡದಲ್ಲಿ ಅದಿರು ಜರಡಿ ಹಿಡಿಯುತ್ತಿದ್ದಳು. ನಾನು ಗಾದಿಗನೂರಿನಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಿಕಾಂ ಮಾಡಿದೆ. ಒಂದು ವರ್ಷ ಫೇಲಾದೆ, ಮತ್ತೆ ಕಟ್ಟಿದೆ, ಪಾಸಾದೆ. ಈಗ ಸಂಡೂರು ರಸ್ತೆಯ ಒಂದು ವೇಬ್ರಿಡ್ಜಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಖಾಲಿ ಲಾರಿ ಬಂದರೆ ಅದರ ತೂಕ, ತುಂಬಿದ ಲಾರಿ ಬಂದರೆ ಅದರ ತೂಕ, ಗಾಡಿ ನಂಬರು, ಪರ್ಮಿಟ್ ನಂಬರು. ಒಂದಂಕಿ ಹೆಚ್ಚುಕಡಿಮೆಯಾದರೆ ರಸ್ತೆಯಲ್ಲಿ ಲಾರಿ ಹಿಡಿಯುತ್ತಾರೆ. ಹಾಗಾಗಿ ನಾನು ಏನನ್ನು ಬರೆದರೂ ಪೂರ್ತಿ ಬರೆಯುತ್ತೇನೆ. ನಮ್ಮ ಓಣಿಯಲ್ಲಿ ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಅದು ಮೊದಲು ನನ್ನ ಕೈಗೆ ಬರುತ್ತದೆ.

ಕಂಪ್ಲಿಯ ಅವ್ವನ ಹಾಡನ್ನು ನಾನು ಮೊದಲು ಕೇಳಿದ್ದು ಅಮ್ಮನ ಬಾಯಲ್ಲಿ. ಅವ್ವ ಅಂದರೆ ನಮಗೆ ನೆಂಟರಲ್ಲ. ನಾಟಕದ ಕಂಪನಿಯಲ್ಲಿ ಹಾಡುತ್ತಿದ್ದಾಕೆ, ಆಮೇಲೆ ಕ್ಯಾಸೆಟ್ಟಿಗೆ ಹಾಡಿದಾಕೆ. ಹೊಸಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಕ್ಯಾಸೆಟ್ ಕಂಪನಿ ಇತ್ತಂತೆ. ಆಕೆಯ ಕ್ಯಾಸೆಟ್ಟುಗಳೆಲ್ಲ ಅಲ್ಲಿಂದ ಬಂದವು, ಅಲ್ಲಿಂದ ಅದಿರಿನ ಲಾರಿಗಳಿಗೆ ಹೋದವು. ಲಾರಿ ತುಂಬುವಷ್ಟು ಹೊತ್ತು ಡ್ರೈವರುಗಳು ಟೇಪು ಹಚ್ಚಿ ಬಿಡುತ್ತಿದ್ದರು. ಅಮ್ಮ ಜರಡಿ ಆಡಿಸುತ್ತ ಕಲಿತುಕೊಂಡಳು.

ಆ ಡ್ರೈವರುಗಳಲ್ಲಿ ಒಬ್ಬ ಅಪ್ಪನ ಗೆಳೆಯ. ನನಗೆ ಕಾಕಾ. ಲಾರಿ ಬಿಟ್ಟ ಮೇಲೆ ಹಂಪಿ ರಸ್ತೆಯ ಕಡ್ಡಿರಾಂಪುರದಲ್ಲಿ ಸಣ್ಣದೊಂದು ಹೋಟೆಲ್ ಹಾಕಿದ. ಪೂರಿ, ಮಿರ್ಚಿ, ಚಹಾ. ಹೋಮ್‌ಸ್ಟೇಗೆ ಬಂದ ಬಿಳಿಯರು ಬೆಳಿಗ್ಗೆ ಅಲ್ಲೇ ಕೂರುತ್ತಾರೆ. ಅವನ ಮಂಚದ ಕೆಳಗೆ ಎರಡು ಟ್ರಂಕು ಕ್ಯಾಸೆಟ್ಟು. ನಾನು ಹೋದಾಗಲೆಲ್ಲ "ಬಾರಮ್ಮಾ ಬಿಕಾಂ" ಅನ್ನುತ್ತಾನೆ, ಅಣಕಕ್ಕೋ ಅಭಿಮಾನಕ್ಕೋ ನನಗೆ ಇಂದಿಗೂ ಗೊತ್ತಿಲ್ಲ. ಒಮ್ಮೆ ಅವನೇ, "ಈ ಟೇಪೆಲ್ಲಾ ಬೂಷ್ಟು ಹಿಡದು ಸಾಯ್ತಾವು. ನಿನ್ನ ಕಂಪ್ಯೂಟರಿಗೆ ಏನರ ಮಾಡಿ ಇಳಿಸಲೇ" ಅಂದ. ಎರಡು ವರ್ಷ ಭಾನುವಾರಗಳನ್ನು ಅದಕ್ಕೇ ಹಾಕಿದೆ. ಒಂದು ವೆಬ್‌ಸೈಟು ಮಾಡಿದೆ. ನಲವತ್ತಮೂರು ಹಾಡು, ಪ್ರತಿ ಹಾಡಿನ ಪದ ಪೂರ್ತಿ ಟೈಪು, ಅದರ ಕೆಳಗೆ ‘ಕೃಪೆ’, ಕಂಪನಿಯ ಹೆಸರು, ಕ್ಯಾಸೆಟ್ ಸಂಖ್ಯೆ, ಎ ಬದಿಯೋ ಬಿ ಬದಿಯೋ. ಪುಟದ ಬುಡದಲ್ಲಿ ದಪ್ಪ ಅಕ್ಷರದಲ್ಲಿ: ಇದು ಲಾಭಕ್ಕಲ್ಲ, ಅಭಿಮಾನಕ್ಕೆ. ಒಂದು ಜಾಹೀರಾತೂ ಹಾಕಲಿಲ್ಲ. ಸೈಟಿನ ಖರ್ಚು ನನ್ನ ಪಗಾರದಿಂದಲೇ.

ಆ ನಲವತ್ತಮೂರರಲ್ಲಿ ಒಂಬತ್ತು ಹಾಡು ಬೇರೆ. ಅವು ಕಂಪನಿಯವಲ್ಲ. ಕಾಕಾ ಒಂದು ಸಲ ಕಂಪ್ಲಿಗೆ ಬಾಡಿಗೆ ಹೋದವನು ಅವ್ವ ಊರಲ್ಲಿದ್ದಾಳೆ ಎಂದು ಕೇಳಿ ಹುಡುಕಿಕೊಂಡು ಹೋಗಿದ್ದ. ಆಕೆ ನಾಟಿ ಹಚ್ಚುವ ಗದ್ದೆಯಲ್ಲಿದ್ದಳು. ಕೂಲಿಗೆ ಬಂದಿದ್ದಳು. ಹೆಂಗಸರ ಸಾಲಿನಲ್ಲಿ ಬಗ್ಗಿಕೊಂಡು ತನ್ನಷ್ಟಕ್ಕೆ ಕಟ್ಟಿ ಹಾಡುತ್ತಿದ್ದಳು, ಹಿಂದಿನಿಂದ ಉಳಿದವರು ಎತ್ತಿಕೊಳ್ಳುತ್ತಿದ್ದರು. ಕಾಕಾ ಲಾರಿಯಿಂದ ಟೇಪ್ ರೆಕಾರ್ಡರ್ ತಂದ. ಖಾಲಿ ಕ್ಯಾಸೆಟ್ ಇರಲಿಲ್ಲ. ಕೈಗೆ ಸಿಕ್ಕ ಕಂಪನಿಯ ಹದಿನೇಳನೇ ಕ್ಯಾಸೆಟ್ಟಿನಲ್ಲಿ, ಮೇಲೆ ಬೇರೆ ರೆಕಾರ್ಡಾಗದಿರಲೆಂದು ಬಿಟ್ಟಿರುವ ಮೂಲೆಯ ತೂತಿಗೆ ಕಾಗದದ ಉಂಡೆ ತುರುಕಿ, ಅದರ ಬಿ ಬದಿಯ ಮೇಲೆಯೇ ಈ ಒಂಬತ್ತನ್ನು ತುಂಬಿಕೊಂಡ. ಕಂಪನಿಯ ಹಾಡು ಅಳಿಸಿಹೋಯಿತು, ಮೇಲಿನ ಲೇಬಲ್ ಉಳಿಯಿತು.

ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಒಂಬತ್ತರ ಕೆಳಗೂ ‘ಕೃಪೆ’ ಬರೆದೆ. ಕ್ಯಾಸೆಟ್ ಅವರದೇ ಅಲ್ಲವೆ, ಎರಡು ಅಕ್ಷರ ಹಾಕಿದರೆ ನನ್ನ ಗಂಟೇನು ಹೋಗುತ್ತದೆ ಅಂದುಕೊಂಡೆ. ವೇಬ್ರಿಡ್ಜಿನಲ್ಲಿ ಕೂತು ಕೂತು ನಂಬರಿನ ಜಾಗ ಖಾಲಿ ಬಿಡುವುದು ನನ್ನ ಕೈಲಾಗುತ್ತಿರಲಿಲ್ಲ.

ಅವ್ವನನ್ನು ನಾನೂ ಕಾಕಾನೂ ನೋಡಲು ಹೋಗುವ ಹೊತ್ತಿಗೆ ಆಕೆಯ ದನಿ ಹೋಗಿತ್ತು. ಗಂಟಲಿನ ಆಪರೇಷನ್ ಆಗಿತ್ತು, ಪಿಸುಮಾತು ಮಾತ್ರ ಉಳಿದಿತ್ತು. ಕಂಪ್ಲಿ ಕೋಟೆಯ ಹತ್ತಿರ ಮಗಳ ಮನೆಯಲ್ಲಿದ್ದಳು. ಅವರ ಮನೆಯ ಫೋನಿನಲ್ಲಿ ಸೈಟನ್ನು ಒಂದು ಗುರುತಾಗಿ ಮಾಡಿ ಮುಂದೆಯೇ ಇಟ್ಟುಕೊಟ್ಟೆ, ಬೆರಳಿಟ್ಟರೆ ತೆರೆಯುವ ಹಾಗೆ. ಮೊದಲ ಸಲ ತನ್ನ ದನಿ ಕೇಳಿದಾಗ ಆಕೆ ಅಳಲಿಲ್ಲ. ಗದ್ದೆಯ ಹಾಡುಗಳು ಬಂದಾಗ ಫೋನನ್ನು ಕಿವಿಗೆ ಒತ್ತಿಕೊಂಡು, "ಹಿಂದ ಎತ್ತಿಕೊಳ್ಳಾಕತ್ತಾರಲ್ಲ, ಇವರಾಗ ಯಾರೂ ಉಳಿದಿಲ್ಲ ಈಗ" ಅಂದಳು. ಕಂಪನಿಯ ಹಾಡುಗಳನ್ನು ಆಕೆ ಅಷ್ಟಾಗಿ ಕೇಳುತ್ತಿರಲಿಲ್ಲ ಅಂತ ಮಗಳು ಆಮೇಲೆ ಹೇಳಿದಳು. ಮಧ್ಯಾಹ್ನ ಉಂಡು ಗೋಡೆಗೆ ಒರಗಿ ಕೇಳುತ್ತಿದ್ದದ್ದು ಆ ಒಂಬತ್ತನ್ನೇ.

ರಿಜಿಸ್ಟರ್ಡ್ ಕಾಗದ ಗಾದಿಗನೂರಿನ ಮನೆಗೇ ಬಂತು. ಅಮ್ಮ ಅದನ್ನು ದೇವರ ಗೂಡಿನ ಪಕ್ಕ ಇಟ್ಟು ನಾನು ಬರುವುದನ್ನು ಕಾಯುತ್ತಿದ್ದಳು.

"ಯಾರ ಮನಿದು ಇದು?" ಅಂದೆ, ಓಣಿಯ ಯಾರದ್ದೋ ಇರಬೇಕೆಂದು.

"ನಿಂದೇ. ನಿನ್ನ ಹೆಸರು ಹೇಳಿ ಕೊಟ್ಟುಹೋದ. ನಮಗ್ಯಾರಲೇ ಇಂಗ್ಲಿಷಿನಾಗ ಬರಿಯೋರು?"

ದೂರದ ನಗರದ ಒಂದು ದೊಡ್ಡ ಕಂಪನಿಯ ವಕೀಲರ ನೋಟಿಸು. ಹೊಸಪೇಟೆಯ ಕ್ಯಾಸೆಟ್ಟಿನವನು ತೀರಿಕೊಂಡ ಮೇಲೆ ಅವನ ಮಕ್ಕಳು ಹಳೆಯ ಹಾಡುಗಳ ಹಕ್ಕನ್ನೆಲ್ಲ ಅವರಿಗೆ ಮಾರಿದ್ದರು. ನನ್ನ ಸೈಟಿನಲ್ಲಿ ತಮ್ಮ ಆರು ಹಾಡು ಕಂಡುಬಂದಿವೆ, ತೆಗೆಯಬೇಕು, ಇನ್ನು ಮೇಲೆ ಹಾಕುವುದಿಲ್ಲ ಎಂದು ಬರೆದುಕೊಡಬೇಕು. ಆರೇ ಆರು ಹಾಡು. ಆವತ್ತು ನಾನು ಆ ಆರನ್ನು ತೆಗೆದು ಎರಡು ಸಾಲು ಬರೆದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು ಅಂತ ಆಮೇಲೆ ತಿಳಿಯಿತು.

ಅಮ್ಮ, "ವಕೀಲರಿಗೆ ತೋರಸೇ" ಅಂದಳು.

"ಊರವರ ಕಾಗದ ಎಲ್ಲಾ ನಾನು ಓದಿ ಉತ್ತರ ಬರೀತೀನಿ. ನಂದೇ ಕಾಗದಕ್ಕ ವಕೀಲರು ಬೇಕಾ?"

ಆ ಮಾತು ಆಡಿದ್ದು ನಾನೇ. ಮರೆತಿಲ್ಲ.

ಮರುದಿನ ಕಾಕಾನ ಹೋಟೆಲಿಗೆ ಕಾಗದ ಒಯ್ದೆ. ಪೂರಿ ತಿನ್ನುತ್ತಿದ್ದ ಒಬ್ಬ ಬಿಳಿಯ ಕುತೂಹಲದಿಂದ ಕೇಳಿದ, ನಾನು ಹೇಳಿದೆ. ಅವನ ಊರಿನಲ್ಲೂ ಹಾಡುಗಾರರ ಅಭಿಮಾನಿಗಳು ಇಂಥ ಸೈಟು ಮಾಡುತ್ತಾರಂತೆ. ಲಾಭವಿಲ್ಲ, ಎಲ್ಲಿಂದ ತಂದದ್ದು ಎಂದು ಹೇಳಿದ್ದೀರಿ, ಹಾಗಾದರೆ ಇದು ‘ಫೇರ್ ಯೂಸ್’, ಯಾರೂ ಏನೂ ಮಾಡಲಾಗದು ಅಂದ. ಕನ್ನಡದ ಮೇಷ್ಟ್ರು ಹೇಳಿದ್ದನ್ನೇ ಇವನು ಇಂಗ್ಲಿಷಿನಲ್ಲಿ ಹೇಳಿದ ಹಾಗೆ ಕೇಳಿಸಿತು ನನಗೆ. ಕಾಕಾ ಬಾಣಲಿಯಿಂದಲೇ, "ಬಿಳಿಯಾತನೇ ಹೇಳಿದ ಮ್ಯಾಲೆ ಇನ್ನೇನೈತಲೇ ಬಿಕಾಂ, ಜಲ್ದಿ ಬರದು ಒಗಿ" ಅಂದ.

ಬರೆದೆ. ನಾಲ್ಕು ಪುಟದ ಇಂಗ್ಲಿಷ್ ಪತ್ರ. ಡಿಕ್ಷನರಿ ಇಟ್ಟುಕೊಂಡು ಬರೆದೆ. ಯಾವುದೋ ದೇಶದ ಅಭಿಮಾನಿ ಸೈಟುಗಳ ಬುಡದಲ್ಲಿದ್ದ ಫೇರ್ ಯೂಸಿನ ಒಕ್ಕಣೆಯನ್ನು ಹಾಗೆಯೇ ಇಳಿಸಿದೆ. ನಾನು ಕಳ್ಳಿಯಲ್ಲ ಎಂದು ಅವರಿಗೆ ಖಾತ್ರಿಯಾಗಬೇಕು ಅನ್ನಿಸಿತು. ಅದಕ್ಕೆ ಪತ್ರದ ಹಿಂದೆ ಒಂದು ಪಟ್ಟಿ ಲಗತ್ತಿಸಿದೆ. ಗೆರೆ ಹಾಕಿ, ಕಾಲಂ ಮಾಡಿ, ನಲವತ್ತಮೂರು ಹಾಡಿಗೂ ಕ್ರಮಸಂಖ್ಯೆ ಕೊಟ್ಟು, ಒಂದೊಂದರ ಎದುರಿಗೂ ‘ಕೃಪೆ’ಯ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ, ಕ್ಯಾಸೆಟ್ ಸಂಖ್ಯೆ, ಬದಿ. ಕೆಳಗೆ ನನ್ನ ಸಹಿ, ಸಹಿಯ ಪಕ್ಕ ಬಿ.ಕಾಂ. ಎಂದೂ ಬರೆದೆ. ಪೋಸ್ಟ್ ಮಾಡಿ ಬಂದ ದಿನ ನನಗೆ ಪರೀಕ್ಷೆ ಪಾಸಾದಷ್ಟು ಹಿಗ್ಗು.

ಮೂರು ವಾರಕ್ಕೆ ಉತ್ತರ ಬಂತು. ಅವರ ಪತ್ರ ಒಂದೇ ಪುಟ. ಅದರ ಹಿಂದೆ ‘ಅನುಬಂಧ’ ಎಂದು ತಲೆಬರಹ ಕೊಟ್ಟು ನನ್ನದೇ ಪಟ್ಟಿ. ನಾನು ಹಾಕಿದ ಗೆರೆ, ನನ್ನ ಕಾಲಮ್ಮು, ನನ್ನ ಕ್ರಮಸಂಖ್ಯೆ. ಈ ನಲವತ್ತಮೂರೂ ನಮ್ಮ ಕಕ್ಷಿದಾರರವು ಎಂದು ತಾವೇ ಲಿಖಿತವಾಗಿ ಒಪ್ಪಿದ್ದೀರಿ, ಎಲ್ಲವನ್ನೂ ತೆಗೆಯಿರಿ, ಇಲ್ಲವಾದರೆ ಕೋರ್ಟು. ಆರರಿಂದ ನಲವತ್ತಮೂರಾಗಿತ್ತು. ಮೂವತ್ತೈದನೆಯದರಿಂದ ನಲವತ್ತಮೂರನೆಯದರವರೆಗೆ ಗದ್ದೆಯ ಒಂಬತ್ತು.

ಆಗ ವಕೀಲರ ಹತ್ತಿರ ಹೋದೆ. ಹೊಸಪೇಟೆಯ ಕೋರ್ಟಿನ ಎದುರು, ಜೆರಾಕ್ಸ್ ಅಂಗಡಿಯ ಮೇಲೆ ಅವರ ಕೋಣೆ. ಕಾಕಾ ಹದಿನೇಳನೇ ಕ್ಯಾಸೆಟ್ಟನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು, ಟೇಪ್ ರೆಕಾರ್ಡರನ್ನು ಟವೆಲಿನಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ಬಂದಿದ್ದ.

"ಕುಂದ್ರಿ, ಕುಂದ್ರಿ" ಅಂದು ವಕೀಲರು ನನ್ನ ನಾಲ್ಕು ಪುಟವನ್ನೂ ಓದಿದರು. ಕನ್ನಡಕ ತೆಗೆದರು. "ಇಂಗ್ಲಿಷ್ ಭಾಳ ಚೊಲೋ ಐತಿ. ಯಾರು ಬರೆದಿದ್ದು?"

"ನಾನೇ ರೀ."

"ಯಾರನ್ನೂ ಕೇಳಿಲ್ಲ?"

"ಇಲ್ರಿ."

"ಚೊಲೋ ಇಂಗ್ಲಿಷ್ ಬರದಿದ್ರ ಬಚಾವಾಗ್ತಿದ್ದಿ ನೋಡವ್ವ" ಅಂದರು. ಬೈದದ್ದಲ್ಲ. ಬೇಸರದಿಂದಲೇ ಅಂದರು. "ಈ ಫೇರ್ ಯೂಸ್ ಅನ್ನೋದು ಅಮೆರಿಕಾದ ಮಾತು. ನಮ್ಮ ಕಾಯ್ದೆಯಾಗ ಇರೋದು ಫೇರ್ ಡೀಲಿಂಗ್. ನಿನ್ನ ಸಲುವಾಗಿ ನೀ ಮನಿಯಾಗ ಕೇಳಿಕೊ, ಅಭ್ಯಾಸಕ್ಕ ಇಟ್ಟುಕೊ, ಹಾಡಿನ ಬಗ್ಗೆ ಬರಿಯೋವಾಗ ಒಂದು ತುಂಡು ತಗೋ, ನಡೀತೈತಿ. ಇಡೀ ಹಾಡನ್ನ ಊರಿಗೆಲ್ಲಾ ಬಿಟ್ರ ಅದರಾಗ ಬರಂಗಿಲ್ಲ."

"ಒಂದು ಪೈಸಾ ತಗೊಂಡಿಲ್ರಿ ಆಕಿ" ಅಂದ ಕಾಕಾ.

"ನೀವು ಪುಕ್ಕಟೆ ಹಂಚಿದ್ರೂ ಹಂಚಿದ್ದು ಅವರದನ್ನ ಅಲ್ರಿ? ಪುಕ್ಕಟೆ ಹಂಚಿದ್ದಕ್ಕ ಅವರಿಗೆ ಇನ್ನಾ ಸಿಟ್ಟು."

"ಅವರ ಹಕ್ಕು ಎಷ್ಟು ದಿನ ರೀ?" ಅಂದೆ.

"ಕ್ಯಾಸೆಟ್ ಹೊರಗ ಬಂದ ಮ್ಯಾಲೆ ಅರವತ್ತು ವರ್ಷ."

ಮನಸ್ಸಿನಲ್ಲೇ ಕೂಡಿಸಿ ನೋಡಿದೆ. ಆ ಹೊತ್ತಿಗೆ ನನ್ನ ತಲೆ ಪೂರ್ತಿ ನೆರೆತಿರುತ್ತದೆ. ಕಾಕಾ ಇರುವುದಿಲ್ಲ. ಅವ್ವನ ಮಾತು ಬೇಡ.

ಕಂಪನಿಯ ಮೂವತ್ತನಾಲ್ಕನ್ನು ಬಿಟ್ಟುಬಿಡಲು ನಾನು ಅಲ್ಲೇ ಮನಸ್ಸು ಮಾಡಿದೆ. ಅವು ಅವರವು, ಸರಿ. ಆದರೆ ಈ ಒಂಬತ್ತು ಅವರವಲ್ಲ, ಅದನ್ನಾದರೂ ಉಳಿಸಿಕೊಡಿ ಎಂದು ಹದಿನೇಳನೇ ಕ್ಯಾಸೆಟ್ಟಿನ ಕತೆ ಹೇಳಿದೆ. ವಕೀಲರಿಗೆ ಆಸಕ್ತಿ ಹುಟ್ಟಿತು. "ಹಚ್ಚಿ ನೋಡೋಣ" ಅಂದರು. ಕಾಕಾ ಟವೆಲ್ ಬಿಚ್ಚಿ, ಬಿ ಬದಿ ಮೇಲೆ ಮಾಡಿ, ಮೊದಲಿಗೆ ತಿರುಗಿಸಿ, ಗುಂಡಿ ಒತ್ತಿದ.

ಮೊದಲು ಗರಗರ. ಆಮೇಲೆ ಹಾರ್ಮೋನಿಯಂ. ಆಮೇಲೆ ಗಂಡಸಿನ ದಪ್ಪ ದನಿ: ನಮಸ್ಕಾರ ಕೇಳುಗ ಬಾಂಧವರೇ, ನಿಮ್ಮೆಲ್ಲರ ಮೆಚ್ಚಿನ ಸಂಸ್ಥೆ ಹೆಮ್ಮೆಯಿಂದ ಅರ್ಪಿಸುತ್ತಿರುವ ಅಂತ ಶುರುವಾಗಿ, ಕಂಪನಿಯ ಹೆಸರು, ಅವ್ವನ ಹೆಸರು. ಅದರ ಬೆನ್ನಿಗೇ ಟಕ್ ಎಂದು ಸದ್ದಾಗಿ ಗದ್ದೆಯ ನೀರು, ಹೆಂಗಸರ ನಗು, ಹಾಡು.

ಕಾಕಾ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವತ್ತು ಗದ್ದೆಯಲ್ಲಿ ಟೇಪಿನ ಮೊದಲ ಭಾಗ ಸವೆದಿದೆ ಎಂದು ಅವನು ಸ್ವಲ್ಪ ಮುಂದೆ ಓಡಿಸಿ ರೆಕಾರ್ಡು ಮಾಡಿದ್ದ. ಕಂಪ್ಯೂಟರಿಗೆ ಇಳಿಸುವಾಗ ಆ ತುಂಡನ್ನು ನಾನೇ ಕತ್ತರಿಸಿ ಬಿಸಾಕಿದ್ದೆ. ಇಬ್ಬರೂ ಮರೆತಿದ್ದೆವು. ವಕೀಲರು ನಗಬಾರದೆಂದು ಎಷ್ಟು ಹಿಡಿದುಕೊಂಡರೂ ನಕ್ಕರು.

"ಸಾಕ್ಷಿ ಅಂತ ಇದನ್ನ ಕೋರ್ಟಿನಾಗ ಹಚ್ಚಿದ್ರ ಅವರ ವಕೀಲ ಎದ್ದು ನಿಂತು ಚಪ್ಪಾಳೆ ಹೊಡೀತಾನ."

"ಎಮ್ಮಿ ಒದರೋದು ಕೇಳ್ರಿ ಸರ" ಅಂದ ಕಾಕಾ, ಟೇಪಿಗೆ ಬೆರಳು ತೋರಿಸಿ. "ಬಟ್ಟೆ ಅಂಗಡಿ ಮಹಡಿ ಮ್ಯಾಲೆ ಎಮ್ಮಿ ಎಲ್ಲಿಂದ ಬರ್ತೈತ್ರಿ?"

"ಎಮ್ಮಿ ಬಂದು ಪ್ರಮಾಣ ಮಾಡ್ತೈತೇನ್ರಿ? ನಮಗ ಗೊತ್ತು ಇದು ಹೊಲ ಅಂತ. ಆದ್ರ ನೀವೇ ಬರದು ಕೊಟ್ಟೀರಿ, ಟೇಪೂ ಅವರ ಹೆಸರೇ ಹೇಳಾಕತ್ತೈತಿ."

ಆದರೂ ಅವರು ಕೈಬಿಡಲಿಲ್ಲ. ಕಂಪನಿಗೆ ಒಂದು ಪತ್ರ ಬರೆದು, ಹದಿನೇಳರ ಮೂಲ ಟೇಪು ನಿಮ್ಮಲ್ಲಿದ್ದರೆ ತೋರಿಸಿ, ಬಿ ಬದಿಯಲ್ಲಿ ಏನಿದೆ ನೋಡೋಣ ಅಂದರು. ಹಳೆಯ ಟೇಪುಗಳು ತೇವಕ್ಕೆ ಹಾಳಾಗಿವೆ, ನಾವು ನಿಮ್ಮ ಕಕ್ಷಿದಾರರ ಪಟ್ಟಿಯನ್ನೇ ನೆಚ್ಚಿದ್ದೇವೆ ಎಂದು ಅಲ್ಲಿಂದ ಉತ್ತರ ಬಂತು. ಅಂದರೆ ಅವರ ಹತ್ತಿರ ಆ ಒಂಬತ್ತೂ ಇಲ್ಲ, ಅವುಗಳ ಜಾಗದಲ್ಲಿ ಮೊದಲು ಇದ್ದದ್ದೂ ಇಲ್ಲ. ಇದ್ದದ್ದು ನನ್ನ ಪಟ್ಟಿ.

"ಇನ್ನೊಂದೇ ದಾರಿ" ಅಂದರು ವಕೀಲರು. "ಆಯಮ್ಮ ಇದಾಳಲ್ಲ. ಇವು ನಾನು ಹೊಲದಾಗ ಹಾಡಿದ್ದು, ಕಂಪನಿಗಲ್ಲ ಅಂತ ಅಫಿಡವಿಟ್ ಕೊಟ್ರ ಹಿಡಕೊಳ್ಳಾಕ ಒಂದು ಕೊಂಬೆ ಸಿಗ್ತೈತಿ. ಒಂದು ಹೆಬ್ಬೆಟ್ಟು ಸಾಕು."

ಅಫಿಡವಿಟ್ಟನ್ನು ಅವರು ಹೇಳಿದರು, ನಾನು ಕನ್ನಡದಲ್ಲಿ ಟೈಪು ಮಾಡಿದೆ. ಮುಂದಿನ ಭಾನುವಾರ ನಾನೂ ಕಾಕಾನೂ ಕಂಪ್ಲಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಹೆಂಗಸರ ಸಾಲುಗಳ ಪಕ್ಕದ ಬದುವಿನ ಮೇಲೆ ದೊಡ್ಡ ಸ್ಪೀಕರ್ ಇಟ್ಟು ಸಿನಿಮಾ ಹಾಡು ಹಚ್ಚಿದ್ದರು.

ಅವ್ವ ಗೋಡೆಗೆ ಒರಗಿ ಕೂತಿದ್ದಳು. ಕಾಕಾನನ್ನು ನೋಡಿ ಪಿಸುಮಾತಿನಲ್ಲೇ, "ಬಂದ್ಯಾ ಟೇಪಿನಾತ. ಹೊಲದಾಗ ನಾ ತಲೆ ಎತ್ತಿ ನೋಡಿದ್ರ ನಾಚಿಕಿ ಬಂದು ಮುಖ ತಿರುವ್ತಿದ್ದಿ" ಅಂದಳು. ಕಾಕಾ ಈಗಲೂ ಮುಖ ತಿರುಗಿಸಿದ. ನಾನು ಕಾಗದ ತೆಗೆದೆ, ಇಂಕಿನ ಪ್ಯಾಡು ತೆಗೆದೆ. ಪ್ಯಾಡು ನೋಡಿದ್ದೇ ಆಕೆಯ ನಗು ನಿಂತಿತು.

"ಏನಿದು?"

"ಆ ಒಂಬತ್ತು ಹಾಡು ನೀವು ಹೊಲದಾಗ ಹಾಡಿದ್ದು, ಯಾವ ಕಂಪನಿಗೂ ಕೊಟ್ಟಿಲ್ಲ ಅಂತ ಬರದೀನ್ರವ್ವ. ನೀವೊಂದು ಹೆಬ್ಬೆಟ್ಟು ಒತ್ತಿದ್ರ ನಿಮ್ಮ ಹಾಡು ನಿಮಗೇ ಉಳೀತಾವು."

"ಓದು."

ಓದಿದೆ. ನಿಧಾನಕ್ಕೆ, ಒಂದೊಂದು ಸಾಲೂ ಬಿಡಿಸಿ ಅರ್ಥ ಹೇಳಿದೆ. ಆಕೆ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು.

"ಚೆಂದ ಓದ್ತಿ" ಅಂದಳು. "ಅವತ್ತು ಕ್ಯಾಸೆಟ್ಟಿನಾತನ ಕಡೆಯಿಂದ ಬಂದಾತನೂ ಹಿಂಗೇ ಓದಿದ. ಅವನೂ ನಿನ್ನಂಗ ಕಾಲೇಜು ಓದಿದಾತ. ನಮ್ಮ ಕಡೆಯಾತನೇ. ಹಾಡು ನಿಮ್ಮವೇ ಅಂತ ಬರದೀವಮ್ಮ ಅಂದ. ಒತ್ತಿದೆ."

"ನಾನು ಅವನಂಗ ಅಲ್ರವ್ವ."

"ಅಲ್ಲ ಬಿಡು. ಅವನೂ ಕೆಟ್ಟಾತ ಅಲ್ಲ. ಉಪ್ಪಿಟ್ಟು ತಿನ್ನಿಸಿ ಬಸ್ಸಿಗೆ ಹತ್ತಿಸಿ ಹೋದ."

ಕಾಕಾ ಬಾಯಿ ಹಾಕಿದ. "ಒತ್ರವ್ವಾ, ಈ ಹುಡುಗಿ ಎರಡು ವರ್ಷ ಭಾನುವಾರ ಮನಿಯಾಗ ಕುಂತಿಲ್ಲ ನಿಮ್ಮ ಸಲುವಾಗಿ."

"ನಾ ಹೇಳಿದ್ನಾ ಮಾಡು ಅಂತ?" ಆಕೆಗೆ ಮಾತು ಕಷ್ಟವಾಗಿ ಕೆಮ್ಮು ಬಂತು. ಮಗಳು ನೀರು ಕೊಟ್ಟಳು. ಕುಡಿದು ಅವ್ವ ಮತ್ತೆ ಅಂದಳು, "ಕಾಗದದಾಗ ಏನೈತಂತ ನನಗ ಗೊತ್ತಾಗಂಗಿಲ್ಲ. ನೀ ಓದಿದ್ದನ್ನ ನಂಬಬೇಕು. ನಂಬೇನಿ. ಆದ್ರ ಒತ್ತಂಗಿಲ್ಲ. ಒಮ್ಮಿ ಒತ್ತಿದ್ದು ಸಾಕು."

ಇನ್ನೂ ಅರ್ಧ ಗಂಟೆ ಹೇಳಿದೆ. ಕಾಯ್ದೆ ಹೇಳಿದೆ, ಕಂಪನಿಯ ಪತ್ರ ಹೇಳಿದೆ, ನನ್ನ ಪಟ್ಟಿಯ ತಪ್ಪನ್ನೂ ಹೇಳಿದೆ. ನಾನು ಹೇಳಿದಷ್ಟೂ ಆಕೆ ದೂರವಾಗುತ್ತಿದ್ದಳು. ನನ್ನ ದನಿ ನನಗೇ ಬೇರೆ ಯಾರದ್ದೋ ದನಿಯ ಹಾಗೆ ಕೇಳತೊಡಗಿತು, ಉಪ್ಪಿಟ್ಟು ತಿನ್ನಿಸಿದವನ ದನಿಯ ಹಾಗೆ. ಪ್ಯಾಡಿನ ಮುಚ್ಚಳ ಹಾಕಿದೆ. ಓದಿದ್ದು ನನಗೆ ಎಲ್ಲಾ ಕಡೆಯೂ ಬಾಗಿಲು ತೆರೆದಿತ್ತು. ಓದಿದ್ದೇನೆ ಅನ್ನುವ ಕಾರಣಕ್ಕೆ ನನ್ನನ್ನು ಯಾರಾದರೂ ನಂಬದೆ ಹೋಗಬಹುದು ಅಂತ ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ವಕೀಲರಿಗೆ ಹೇಳಿದಾಗ ಅವರು ಫೈಲು ಕಟ್ಟಿದರು. "ಕೋರ್ಟಿಗೆ ಹೋದ್ರ ಅಲ್ಲಿಗೇ ಅಲೀಬೇಕಾಗ್ತೈತಿ, ಅವರ ಊರಿಗೆ. ಬ್ಯಾಡವ್ವ. ಸೋತೆ ಅಂತ ಬರದುಕೊಟ್ಟು ನಿನ್ನ ಕೆಲಸ ನೀ ನೋಡು." ಮುಚ್ಚಳಿಕೆಯನ್ನು ಅವರ ವಕೀಲರೇ ಬರೆದು ಕಳಿಸಿದ್ದರು. ನಲವತ್ತಮೂರನ್ನೂ ತೆಗೆಯುತ್ತೇನೆ, ಕಂಪ್ಯೂಟರಿನಲ್ಲೂ ಫೋನಿನಲ್ಲೂ ಪ್ರತಿ ಇಟ್ಟುಕೊಳ್ಳುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಸಹಿ ಮಾಡುವ ಜಾಗದಲ್ಲಿ ಹೆಸರು ಮಾತ್ರ ಬರೆದೆ.

ಒಂದು ಶನಿವಾರ ಮಧ್ಯಾಹ್ನ ವೇಬ್ರಿಡ್ಜಿನಲ್ಲಿ ಲಾರಿಗಳಿಲ್ಲದ ಹೊತ್ತಿನಲ್ಲಿ ತೆಗೆದೆ. ಒಟ್ಟಿಗೆ ಅಳಿಸಬಹುದಿತ್ತು. ನನಗೆ ಬರುವುದು ಒಂದೊಂದಾಗಿ ಬರೆಯುವುದು, ಅಳಿಸಿದ್ದೂ ಹಾಗೆಯೇ. ಹಾಡಿನ ಜೊತೆಗೆ ಅದರ ಕೆಳಗೆ ಜನ ಬರೆದ ಮಾತುಗಳೂ ಹೋದವು. ‘ನಮ್ಮ ತಾಯಿ ಇದೇ ಗದ್ದೆಯಲ್ಲಿದ್ದರು, ಮೂರನೇ ಸಾಲಿನಲ್ಲಿ ಎತ್ತಿಕೊಳ್ಳುವುದು ಅವರೇ ಇರಬೇಕು’ ಎಂದು ಯಾರೋ ಬರೆದಿದ್ದರು. ಅದು ನಲವತ್ತನೆಯದರ ಕೆಳಗಿತ್ತು.

ಕಂಪನಿ ಆ ಹಾಡುಗಳನ್ನು ತನ್ನದರಲ್ಲಿ ಹಾಕುತ್ತದೇನೋ ಎಂದು ತಿಂಗಳುಗಟ್ಟಲೆ ಹುಡುಕಿದೆ. ಮೊದಲಿನ ಆರು ಮಾತ್ರ ಇವೆ. ಹದಿನೇಳನೇ ಕ್ಯಾಸೆಟ್ಟಿನದು ಒಂದೂ ಇಲ್ಲ. ಹೇಗೆ ತಾನೇ ಇರುತ್ತದೆ, ಅವರ ಹತ್ತಿರ ಇರುವುದು ಕ್ರಮಸಂಖ್ಯೆ ಮಾತ್ರ. ಕಾಕಾನ ಹತ್ತಿರ ಟೇಪು ಇದೆ. ಆದರೆ ಅವತ್ತು ವಕೀಲರ ಕೋಣೆಯಿಂದ ಬಂದ ಮೇಲೆ ಅವನು ಅದನ್ನು ಹಚ್ಚಿಲ್ಲ. "ಒಂದೊಂದು ಸಲ ಓಡಿಸಿದ್ರೂ ಇಷ್ಟಿಷ್ಟು ಸವೀತೈತಲೇ" ಅನ್ನುತ್ತಾನೆ. ಮತ್ತೆ ಕಂಪ್ಯೂಟರಿಗೆ ಇಳಿಸು ಎಂದು ಅವನು ಕೇಳುವುದಿಲ್ಲ, ಇಳಿಸುತ್ತೇನೆ ಎಂದು ನಾನೂ ಹೇಳುವುದಿಲ್ಲ. ಬರೆದುಕೊಟ್ಟಿದ್ದೇನೆ.

ಕಂಪ್ಲಿಗೆ ಒಬ್ಬಳೇ ಹೋದೆ. ಫೋನಿನಲ್ಲಿ ಹೇಳುವ ವಿಷಯವಾಗಿರಲಿಲ್ಲ. ಅವ್ವನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಬೆರಳಿಟ್ಟರೆ ಬರೀ ಬಿಳಿ ಬರುತ್ತದೆ ಎಂದು ಮಗಳ ಕೈಲಿ ಎರಡು ಸಲ ಕರೆಂಟಿಗೆ ಹಾಕಿಸಿದ್ದಳಂತೆ, ನೆಟ್ಟು ಹಾಕಿಸಿದ್ದಳಂತೆ.

"ಹೊಲದವೂ ಹೋದ್ವಾ?"

"ಹೋದ್ವು."

"ನಾ ಒತ್ತಲಿಲ್ಲ ಅಂತ?"

ಹೌದು ಅಂದರೆ ಅರ್ಧ ಸುಳ್ಳು, ಅಲ್ಲ ಅಂದರೂ ಅರ್ಧ ಸುಳ್ಳು. "ನಾನು ಬರದುಕೊಟ್ಟೆ ಅಂತ" ಅಂದೆ.

ಆಕೆ ಪಕ್ಕದಲ್ಲಿದ್ದ ಫೋನನ್ನು ಎತ್ತಿಕೊಂಡಳು. ಸಿಟ್ಟಿದ್ದರೆ ಚೆನ್ನಾಗಿತ್ತು. "ಒತ್ತಿದ್ರೂ ಹೋಗ್ತಾವು, ಒತ್ತದಿದ್ರೂ ಹೋಗ್ತಾವು. ನಾನೇ ಸುಮ್ನೆ ಹೆದರಿದೆ" ಅಂದಳು. ಫೋನನ್ನು ನನ್ನ ಕೈಗೆ ಕೊಟ್ಟು, ಬೆರಳಿನಿಂದ ಆ ಗುರುತನ್ನು ತೋರಿಸಿದಳು. "ಇದನ್ನ ತಗದುಬಿಡು. ಮರತು ಮರತು ಅಲ್ಲೇ ಬೆರಳಿಡ್ತೀನಿ."

ತೆಗೆದೆ. ಆ ಜಾಗ ಖಾಲಿ ಉಳಿಯಿತು. ಮಗಳು ಒಳಗಿಂದ, ಗ್ಯಾಸ್ ಬುಕ್ ಮಾಡುವುದನ್ನು ಅಲ್ಲಿ ಇಟ್ಟುಕೊಡಿ ಅಕ್ಕಾ, ನನಗೆ ಸಿಗುವುದೇ ಇಲ್ಲ ಅಂದಳು. ಹುಡುಕಿ ಅಲ್ಲಿಗೆ ಎಳೆದು ಇಟ್ಟುಕೊಟ್ಟು, ಹೊಸಪೇಟೆಯ ಬಸ್ಸಿಗೆ ಬಂದೆ.